ಮೂರೂವರೆ ಬೆಂಕಿಪೊಟ್ಟಣ

ಆಯುಧಪೂಜೆಯ ಹಿಂದಿನ ದಿನ ನಮ್ಮ ಮನೆಯಲ್ಲಿ ತಪ್ಪದೆ ಒಂದು ಜಗಳ ನಡೆಯುತ್ತದೆ. ಚಾಕು, ಕತ್ತರಿ, ಈಳಿಗೆಮಣೆ, ಹೊಲಿಗೆ ಮಿಷನ್ನು ಎಲ್ಲವನ್ನೂ ಒರೆಸಿ ಜೋಡಿಸಿದ ಮೇಲೆ ನನ್ನ ಹೆಂಡತಿ ನನ್ನ ಮೇಜಿನ ಮೇಲಿನ ಒಂದು ಕಬ್ಬಿಣದ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಬರುತ್ತಾಳೆ, ಸತ್ತ ಜಿರಲೆಯನ್ನು ಹಿಡಿದ ಹಾಗೆ. "ಈ ವರ್ಷನಾದ್ರೂ ಇದನ್ನ ಹಳೇ ಪೇಪರ್‌ನೋನಿಗೆ ಹಾಕ್ಲಾ?" ಎಂದು ಕೇಳುತ್ತಾಳೆ. "ಅದಕ್ಕೂ ಒಂದು ಬೊಟ್ಟಿಡು" ಎನ್ನುತ್ತೇನೆ. "ಇದ್ಯಾವ ಆಯುಧ?" ಎನ್ನುತ್ತಾಳೆ. ಆಮೇಲೆ ಬೊಟ್ಟಿಡುತ್ತಾಳೆ, ಆದರೆ ಸಿಟ್ಟಿನಲ್ಲಿ ಕುಂಕುಮ ಸ್ವಲ್ಪ ಜಾಸ್ತಿಯೇ ಬೀಳುತ್ತದೆ.

ಅದು ಎರಡೇ ಸುತ್ತಿನ ಉಕ್ಕಿನ ಸ್ಪ್ರಿಂಗ್ ತುಂಡು. ಬಳೆಗಿಂತ ಚಿಕ್ಕದು, ಉಂಗುರಕ್ಕಿಂತ ದೊಡ್ಡದು. ಒಂದು ತುದಿ ನುಣುಪಾಗಿದೆ, ಇನ್ನೊಂದು ತುದಿಯಲ್ಲಿ ಗರಗಸದ ಗುರುತಿದೆ. ಅದು ಒಂದು ಮೋಟರ್ ಸೈಕಲ್ಲಿನ ಎತ್ತರ. ಎತ್ತರವನ್ನು ಹೀಗೆ ಕತ್ತರಿಸಿ ಮೇಜಿನ ಮೇಲೆ ಇಟ್ಟುಕೊಳ್ಳಬಹುದು ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಎತ್ತರದವರು ಮಾತ್ರ ಕೂಡಲೇ ನಂಬುತ್ತಾರೆ.

ನನ್ನ ಎತ್ತರ ಐದಡಿ ಒಂದಂಗುಲ. ಆ ಒಂದಂಗುಲವನ್ನು ನಾನು ಯಾವ ಅರ್ಜಿಯಲ್ಲೂ ಬಿಟ್ಟುಕೊಟ್ಟವನಲ್ಲ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಾನೇ ಮೊದಲಿಗ. ಮೊದಲಿಗನಾಗಿದ್ದದ್ದು ಅಲ್ಲಿ ಮಾತ್ರ. ತರಗತಿಯ ಫೋಟೋದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಕೂತು, ತರಗತಿಯ ಹೆಸರು ಬರೆದ ಸ್ಲೇಟು ಹಿಡಿಯುವ ಹುಡುಗ ಒಬ್ಬ ಇರುತ್ತಾನಲ್ಲ, ಅವನೇ ನಾನು. ಚಾಮರಾಜಪೇಟೆಯ ನಮ್ಮ ಕ್ಷೌರದಂಗಡಿಯಲ್ಲಿ ಚಿಕ್ಕ ಹುಡುಗರು ಬಂದರೆ ಕುರ್ಚಿಯ ಕೈಗಳ ಮೇಲೆ ಒಂದು ಹಲಗೆ ಅಡ್ಡ ಇಟ್ಟು ಅದರ ಮೇಲೆ ಕೂರಿಸುತ್ತಿದ್ದರು. ನನಗೆ ಮೀಸೆ ಚಿಗುರಿದ ಮೇಲೂ ಆ ಹಲಗೆ ಹೋಗಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಒಂದು ದಿನ ಅಂಗಡಿಯವರು ಏನೂ ಹೇಳದೆ ಹಲಗೆಯನ್ನು ಪಕ್ಕಕ್ಕೆ ಒರಗಿಸಿ ನನ್ನನ್ನು ಕುರ್ಚಿಯಲ್ಲೇ ಕೂರಿಸಿದರು. ಮನೆಗೆ ಓಡಿಬಂದು ಅಮ್ಮನಿಗೆ ಹೇಳಿದೆ. ಅಮ್ಮ ಅವತ್ತು ಶ್ಯಾವಿಗೆ ಪಾಯಸ ಮಾಡಿದಳು.

ಅಮ್ಮನಿಗೆ ನನ್ನ ವಿಷಯದಲ್ಲಿ ಒಂದೇ ಗಾದೆ ಸಾಕಾಗಿತ್ತು. ಮನೆಗೆ ಯಾರು ಬಂದರೂ, ಅವರು ಕೇಳಲಿ ಬಿಡಲಿ, "ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು" ಎಂದುಬಿಡುತ್ತಿದ್ದಳು. ಕೀರ್ತಿ ಎಲ್ಲಿದೆ ಎಂದು ಬಂದವರು ಸುತ್ತಮುತ್ತ ನೋಡುತ್ತಿದ್ದರು.

ಆದರೆ ಅವಳ ತಮ್ಮ ಸೀನು ಮಾಮ ಆರಡಿ ಆಳು. ಅದೇ ವಂಶ, ಅದೇ ಹುಳಿ, ಅದೇ ಅನ್ನ. ಗವಿಪುರದ ತಮ್ಮ ಪುಟ್ಟ ಮನೆಯ ಬಾಗಿಲು ದಾಟುವಾಗ ಅವರು ತಲೆ ಬಗ್ಗಿಸುತ್ತಿದ್ದ ಗತ್ತನ್ನು ನೋಡಿ ನಾನೂ ಬಗ್ಗಿಸಿ ಅಭ್ಯಾಸ ಮಾಡಿಕೊಂಡಿದ್ದೆ. ನನ್ನ ತಲೆಗೂ ಬಾಗಿಲಿಗೂ ನಡುವೆ ಇನ್ನೊಂದು ಮಗುವನ್ನು ಕೂರಿಸಬಹುದಿತ್ತು, ಆ ಮಾತು ಬೇರೆ.

ವಾರವೆಲ್ಲ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಮಾಮ ಭಾನುವಾರ ಬಂದರೆ ರೇಸುಗಾರರಾಗುತ್ತಿದ್ದರು. ಊರಾಚೆ ಬತ್ತಿದ ಕೆರೆಯಂಗಳದಲ್ಲಿ ಹಳ್ಳ ದಿಣ್ಣೆಗಳ ಮೇಲೆ ಧೂಳೆಬ್ಬಿಸಿಕೊಂಡು ಓಡಿಸುವ ರೇಸು. ಅದಕ್ಕಾಗಿ ಅವರು ಒಂದು ಸಾಧಾರಣ ಮೋಟರ್ ಸೈಕಲ್ಲನ್ನು ತಾವೇ ಮುಂದೆ ನಿಂತು ಬದಲಾಯಿಸಿದ್ದರು. ಮುಂದಿನ ಫೋರ್ಕಿಗೆ ಉದ್ದನೆಯ ಕಾಲು, ಹಿಂದೆ ಉದ್ದನೆಯ ಶಾಕ್ ಅಬ್ಸಾರ್ಬರ್, ಗಂಟು ಗಂಟಿನ ಟೈರು, ಪಕ್ಕಕ್ಕೆ ಎತ್ತಿ ಕಟ್ಟಿದ ಸೈಲೆನ್ಸರ್. ಕಲ್ಲು ಹಾರಿದರೂ ಹೊಟ್ಟೆಗೆ ತಾಗದ ಹಾಗೆ ಗಾಡಿ ಎತ್ತರಕ್ಕೆ ನಿಂತಿತ್ತು. ಅದರ ಸೀಟು ಮಾಮನ ಸೊಂಟದ ಹತ್ತಿರ ಬರುತ್ತಿತ್ತು. ನನಗೆ ಎಲ್ಲಿಗೆ ಬರುತ್ತಿತ್ತು ಎಂಬುದು ಇಲ್ಲಿ ಬೇಡ.

ಆಮೇಲೆ ಮಾಮನ ಬಲಮಂಡಿ ಮುರಿಯಿತು. ಮಂಡಿ ಮತ್ತೆ ಮಡಿಸಲು ಬರಲಿಲ್ಲ, ಕಾಲು ಕೋಲಿನ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಅಷ್ಟೆತ್ತರದ ಸೀಟಿನ ಮೇಲೆ ಆ ಕಾಲನ್ನು ಎತ್ತಿ ಹಾಕುವುದು ಆಗಲಿಲ್ಲ, ಕಿಕ್ ಒದೆಯುವುದಂತೂ ದೂರದ ಮಾತು. ರೇಸಿನ ಮೂರನೇ ಸುತ್ತಿನಲ್ಲಿ ಬಿದ್ದು ಮುರಿದದ್ದು ಎಂದು ಗವಿಪುರಕ್ಕೆಲ್ಲ ಗೊತ್ತಿತ್ತು. ನಿಜವಾಗಿ ಅವರು ಬಿದ್ದದ್ದು ದೀಪಾವಳಿಯ ಎಣ್ಣೆ ಸ್ನಾನದ ದಿನ, ತಮ್ಮ ಮನೆಯ ಬಚ್ಚಲಲ್ಲಿ, ಸೀಗೆಪುಡಿಯ ಬಟ್ಟಲಿಗೆ ಕೈ ಚಾಚುವಾಗ. ಇದು ಅಮ್ಮನಿಗೂ ನನಗೂ ಮಾತ್ರ ಗೊತ್ತು. ಈಗ ನಿಮಗೂ ಗೊತ್ತಾಯಿತು, ನಿಮ್ಮಲ್ಲೇ ಇರಲಿ.

ಮೂರು ವರ್ಷ ಆ ಗಾಡಿ ಮಾಮನ ಮನೆಯ ಓಣಿಯಲ್ಲಿ ಟಾರ್ಪಾಲಿನ ಕೆಳಗೆ ನಿಂತಿತ್ತು. ಭಾನುವಾರ ಬೆಳಿಗ್ಗೆ ಮಾಮ ಟಾರ್ಪಾಲು ತೆಗೆದು, ಗಾಡಿ ಒರೆಸಿ, ಸ್ವಲ್ಪ ಹೊತ್ತು ನೋಡಿ, ಮತ್ತೆ ಮುಚ್ಚುತ್ತಿದ್ದರು. ಮಾರು ಎಂದವರ ಜೊತೆ ಮಾತು ಬಿಟ್ಟರು. ನನಗೆ ಗುಮಾಸ್ತನ ಕೆಲಸ ಸಿಕ್ಕ ವರ್ಷ, ಜ್ಯೇಷ್ಠ ಮಾಸದಲ್ಲಿ, ಒಂದು ದಿನ ಕರೆದು ಬೀಗದ ಕೈ ನನ್ನ ಅಂಗೈಗೆ ಹಾಕಿದರು.

"ಎಣ್ಣೆ ಬದಲಾಯ್ಸು, ಚೈನು ಬದಲಾಯ್ಸು, ಬೇಕಾದ್ರೆ ಬಣ್ಣಾನೂ ಬದಲಾಯ್ಸು" ಎಂದರು. "ಅದರ ಎತ್ತರ ಮಾತ್ರ ಮುಟ್ಟಬೇಡ ಕಣೋ ಪುಟ್ಟು. ಅದು ನನ್ನ ಗಾಡಿ ಅಂತ ಗೊತ್ತಾಗೋದೇ ಅದರಿಂದ."

"ಆಗ್ಲಿ ಮಾಮ, ಮುಟ್ಟಲ್ಲ" ಎಂದೆ. ಆ ಕ್ಷಣದಲ್ಲಿ ಯಾರು ಏನು ಕೇಳಿದ್ದರೂ ಆಗಲಿ ಎನ್ನುತ್ತಿದ್ದೆ.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಗಾಡಿಯ ಪೂಜೆ ಮಾಡಿಸಬಾರದು ಎಂದಳು ಅಮ್ಮ. ಓಡಿಸಬಾರದು ಎಂದು ಶಾಸ್ತ್ರದಲ್ಲಿ ಇದೆಯೋ ಇಲ್ಲವೋ ಅವಳಿಗೆ ಖಚಿತವಿರಲಿಲ್ಲ. ಅದನ್ನೇ ಹಿಡಿದುಕೊಂಡು ನಾನು ಅಭ್ಯಾಸ ಶುರುಮಾಡಿದೆ.

ಓಡಿಸುವುದು ಕಷ್ಟವಿರಲಿಲ್ಲ. ನಿಲ್ಲಿಸುವುದು ಕಷ್ಟ. ಗಾಡಿ ನಿಂತರೆ ಒಂದು ಕಾಲು ನೆಲಕ್ಕೆ ಊರಬೇಕು, ನನ್ನ ಕಾಲಿಗೆ ನೆಲ ಸಿಗುತ್ತಿರಲಿಲ್ಲ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎನ್ನುತ್ತಾರೆ. ನನ್ನ ಹಾಸಿಗೆ ಯಾವಾಗಲೂ ಉದ್ದವೇ, ಚಾಚಿದರೂ ಮಿಗುತ್ತಿತ್ತು. ಹಾಗಾಗಿ ಎಲ್ಲಿ ಜಗಲಿ ಇದೆಯೋ ಅಲ್ಲಿ ಮಾತ್ರ ನಿಲ್ಲುತ್ತಿದ್ದೆ. ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಆಗ ರಸ್ತೆಗೆ ಅಂಟಿದ ಜಗಲಿಗಳಿಗೆ ಬರವಿರಲಿಲ್ಲ. ಯಾವ ಜಗಲಿ ನನ್ನ ಕಾಲಿಗೆ ಸರಿ, ಯಾವುದು ಎತ್ತರ, ಯಾವುದರ ಮೇಲೆ ಹಪ್ಪಳ ಒಣಗಿಸುತ್ತಾರೆ, ಎಲ್ಲ ಬಾಯಿಪಾಠವಾಗಿತ್ತು. ಗಾಂಧಿ ಬಜಾರಿನಲ್ಲಿ ಕಾಲೂರಲು ಜಾಗ ಸಿಗದ ದಿನ ಕಾಫಿ ಪುಡಿ ತರದೆ ಹಾಗೇ ಮೂರು ಸುತ್ತು ಹೊಡೆದು ಮನೆಗೆ ಬಂದಿದ್ದೇನೆ. ಕೈ ತೋರಿಸಿ ನಿಲ್ಲು ಎಂದ ಪೊಲೀಸಿನವರ ಸುತ್ತಲೇ ಒಂದು ಪ್ರದಕ್ಷಿಣೆ ಹಾಕಿದ್ದೇನೆ. ಅವರು ಪಾಪ, ನನ್ನ ಜೊತೆ ತಾವೂ ತಿರುಗಿದರು.

ಕಚೇರಿಯ ದಾರಿಯಲ್ಲಿ ಒಂದು ತಿರುವು. ಅಲ್ಲಿ ದಿನವೂ ಎತ್ತಿನ ಗಾಡಿಗೋ ಬಸ್ಸಿಗೋ ಕಾಯಬೇಕಾಗುತ್ತಿತ್ತು. ತಿರುವಿನ ಮನೆಯ ಜಗಲಿ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಹದಿನೈದು ದಿನ ಅಲ್ಲಿ ಕಾಲಿಟ್ಟು ನಿಂತೆ. ಹದಿನಾರನೆಯ ದಿನ ಅಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆಯೆತ್ತಿದರು.

"ಏನಪ್ಪಾ, ದಿನಾ ಇಲ್ಲೇ ಬಂದು ನಿಂತ್ಕೋತೀಯ" ಎಂದರು.

"ಏನಿಲ್ಲ ಅಜ್ಜಿ, ಸುಮ್ನೆ."

"ನಿನ್ನ ಒಳ್ಳೇದಕ್ಕೇ ಹೇಳ್ತೀನಿ ಕೇಳು. ಈ ಮನೇಲಿ ಹೆಣ್ಮಕ್ಳಿಲ್ಲ. ನಾನೊಬ್ಳೇ ಇರೋದು. ನೀನು ನೋಡ್ತಿರೋದು ಎದುರು ಮನೆ ಹುಡುಗೀನ ಆದ್ರೆ, ಅವಳ ಮದುವೆ ಗೊತ್ತಾಗಿದೆ."

ಎದುರು ಮನೆಯಲ್ಲಿ ಹುಡುಗಿ ಇದ್ದದ್ದೇ ನನಗೆ ತಿಳಿದಿರಲಿಲ್ಲ. ತಿಳಿದ ತಕ್ಷಣ ಕೈತಪ್ಪಿಯೂ ಹೋದಳು. ಅವತ್ತಿಡೀ ಕಚೇರಿಯಲ್ಲಿ ಬೇಸರವಾಗಿತ್ತು. ಹೀಗೆ ಜಗಲಿಗಳನ್ನು ನಂಬಿಕೊಂಡು ಬದುಕಲು ಸಾಧ್ಯವಿಲ್ಲ ಎಂದು ಸಂಜೆ ಗಾಡಿಯ ಎತ್ತರ ಇಳಿಸಿಕೊಳ್ಳಲು ಅಕ್ಕಿಪೇಟೆಯ ಮೆಕ್ಯಾನಿಕ್ ಮುನಿಯಪ್ಪನವರ ಶೆಡ್ಡಿಗೆ ಹೋದೆ.

ಹೋಗುವಾಗ ಮನಸ್ಸು ತಡೆಯುತ್ತಲೇ ಇತ್ತು. ಮಾಮನಿಗೆ ಕೊಟ್ಟ ಮಾತು ಒಂದು ಕಡೆ. ಬಿಟ್ಟರೆ ಗಾಡಿ ಮತ್ತೆ ಟಾರ್ಪಾಲಿನ ಕೆಳಗೆ ಹೋಗುವುದು ಇನ್ನೊಂದು ಕಡೆ. ಮೂರು ವರ್ಷ ಅವರು ಅದನ್ನು ನೋಡುತ್ತಾ ನಿಂತಿದ್ದ ರೀತಿ ನನಗೆ ಗೊತ್ತಿತ್ತು. ಇಳಿಸಿದ್ದು ಗೊತ್ತಾದರೆ ಅವರು ಬೈಯುವುದಿಲ್ಲ, ಸುಮ್ಮನಾಗುತ್ತಾರೆ ಎಂಬುದೂ ಗೊತ್ತಿತ್ತು. ನನಗೆ ಭಯವಿದ್ದದ್ದು ಅದಕ್ಕೇ.

ಮುನಿಯಪ್ಪನವರು ಗಾಡಿಯ ಸುತ್ತ ಒಂದು ಸಲ ನಡೆದು, "ಏರಿ ಕೂತ್ಕೊಳ್ಳಿ ಸ್ವಾಮಿ" ಎಂದರು. ಕೂತೆ. ಇಬ್ಬರು ಕೆಲಸದವರು ಎರಡೂ ಕಡೆ ಗಾಡಿ ಹಿಡಿದುಕೊಂಡರು. ಮುನಿಯಪ್ಪನವರು ಟೇಪು ಹಿಡಿಯುವವರಲ್ಲ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ತೂಗಾಡುತ್ತಿದ್ದ ನನ್ನ ಮುಂಗಾಲಿನ ಕೆಳಗೆ ಮಲಗಿಸಿ ಇಟ್ಟರು. ಅದರ ಮೇಲೆ ಇನ್ನೊಂದು. ಇನ್ನೂ ಒಂದು. ಆಮೇಲೂ ಸಂದು ಉಳಿಯಿತು. ಖಾಲಿ ಪೊಟ್ಟಣವೊಂದನ್ನು ಬೆರಳಲ್ಲಿ ಅರ್ಧಕ್ಕೆ ಅಮುಕಿ ತೂರಿಸಿದರು.

"ಮೂರೂವರೆ" ಎಂದರು. "ಇಷ್ಟು ಇಳಿಸಿದ್ರೆ ಆರಾಮಾಗಿ ಕಾಲೂರ್ತೀರ."

ಈ ಜಾಗದಲ್ಲಿ ನಾನು ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಅದು ಬೆಲ್‌ಬಾಟಮ್ಮಿನ ಕಾಲ. ಪ್ಯಾಂಟು ನೆಲ ಗುಡಿಸುವಷ್ಟು ಅಗಲ, ಅದರ ಒಳಗೆ ಏನಿದೆ ಎಂದು ಹೊರಗಿನವರಿಗೆ ಕಾಣುತ್ತಿರಲಿಲ್ಲ. ನನ್ನ ಪ್ಯಾಂಟಿನ ಒಳಗೆ ಎರಡಂಗುಲದ ಅಟ್ಟೆ, ಮೂರಂಗುಲದ ಹಿಮ್ಮಡಿ ಇದ್ದ ಶೂಗಳಿದ್ದವು. ಕೆಲಸ ಸಿಕ್ಕ ಮೊದಲ ತಿಂಗಳು ಕೊಂಡದ್ದು. ಸ್ನಾನದ ಹೊತ್ತು, ಊಟದ ಹೊತ್ತು, ನಿದ್ದೆಯ ಹೊತ್ತು ಬಿಟ್ಟರೆ ಅವು ನನ್ನ ಕಾಲಲ್ಲೇ ಇದ್ದವು. "ಮುನಿಯಪ್ಪನವರೇ, ಇದರಲ್ಲಿ ಎರಡಂಗುಲ ನಂದಲ್ಲ" ಎಂದಿದ್ದರೆ ಸಾಕಿತ್ತು. ಇಬ್ಬರು ಕೆಲಸದವರ ಎದುರಿಗೆ ಆ ಮಾತು ಬಾಯಿಗೆ ಬರಲಿಲ್ಲ.

ಕೆಲಸ ಎರಡು ದಿನ ಹಿಡಿಯಿತು. "ಬರೀ ಹಿಂದೆ ಇಳಿಸಿದ್ರೆ ಗಾಡಿ ಆಕಾಶ ನೋಡ್ತದೆ, ಬರೀ ಮುಂದೆ ಇಳಿಸಿದ್ರೆ ನೆಲ ಮೂಸ್ತದೆ. ಎರಡೂ ಒಟ್ಟಿಗೆ ಇಳೀಬೇಕು" ಎಂದು ವಿವರಿಸಿದರು ಮುನಿಯಪ್ಪನವರು. ಹಿಂದಿನ ಉದ್ದದ ಶಾಕ್ ಅಬ್ಸಾರ್ಬರ್ ಬಿಚ್ಚಿ ಗಿಡ್ಡದ್ದನ್ನು ಹಾಕಿದರು. ಮುಂದಿನ ಫೋರ್ಕನ್ನು ಅದರ ಹಿಡಿಕೆಯಲ್ಲೇ ಸ್ವಲ್ಪ ಮೇಲಕ್ಕೆ ಜಾರಿಸಿ ಬಿಗಿದು, ಉಳಿದದ್ದಕ್ಕೆ ಒಳಗಿನ ಸ್ಪ್ರಿಂಗನ್ನು ಎರಡು ಸುತ್ತು ಕತ್ತರಿಸಿದರು. ಸೈಡ್ ಸ್ಟ್ಯಾಂಡನ್ನೂ ಕತ್ತರಿಸಿ ಬೆಸೆದರು. ಅದನ್ಯಾಕೆ ಎಂದು ಕೇಳಿದೆ. "ಗಾಡಿ ಗಿಡ್ಡ ಆಗಿ ಸ್ಟ್ಯಾಂಡು ಉದ್ದ ಉಳಿದ್ರೆ, ನಿಲ್ಸಿದ ಗಾಡಿ ಆ ಕಡೆಗೆ ಮಗುಚ್ಕೊಳ್ತದೆ ಸ್ವಾಮಿ. ಒಂದು ಇಳಿಸಿದ್ರೆ ಅದರ ಜೊತೇಲಿರೋದೆಲ್ಲ ಇಳಿಸ್ಬೇಕು" ಎಂದರು. ಕೊನೆಗೆ ಸ್ಪ್ರಿಂಗಿನ ತುಂಡನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಇಟ್ಕೊಂಡಿರಿ. ಮುಂದೆ ಎತ್ತರ ಆದ್ರೆ ತನ್ನಿ, ಬೆಸೆದು ಕೊಡ್ತೀನಿ" ಎಂದರು. ಮುಖದಲ್ಲಿ ನಗು ಇರಲಿಲ್ಲ. ಅವರು ತಮಾಷೆ ಮಾಡಿದರೋ ಆಶೀರ್ವಾದ ಮಾಡಿದರೋ ನನಗೆ ಇವತ್ತಿಗೂ ತಿಳಿಯದು.

ಮನೆಯ ಮುಂದೆ ಬಂದು ಎರಡೂ ಶೂ ನೆಲಕ್ಕೂರಿ ನಿಂತೆ. ಯಾವ ಜಗಲಿಯ ಹಂಗೂ ಇಲ್ಲದೆ, ನಡು ರಸ್ತೆಯಲ್ಲಿ. ಅಷ್ಟು ಸಂತೋಷ ನನಗೆ ಕೆಲಸದ ಆರ್ಡರು ಬಂದಾಗಲೂ ಆಗಿರಲಿಲ್ಲ. ಅಮ್ಮ ಬಾಗಿಲಿಗೆ ಬಂದವಳು ಗಾಡಿಯನ್ನೂ ನನ್ನನ್ನೂ ನೋಡಿದಳು.

"ಸೀನಂಗೆ ಗೊತ್ತಾ?" ಎಂದಳು.

"ಇಲ್ಲ."

"ನೊಂದ್ಕೋತಾನೆ ಕಣೋ."

"ನೊಂದ್ಕೋತಾರೆ" ಎಂದೆ.

ಶ್ರಾವಣದ ಮೊದಲ ಶುಕ್ರವಾರ ಬಸವನಗುಡಿಯ ಗಣಪತಿ ಗುಡಿಯಲ್ಲಿ ಪೂಜೆ ಎಂದು ಗೊತ್ತಾಯಿತು. ಮಾಮ ಬರದೆ ಪೂಜೆ ಇಲ್ಲ. ಅಮ್ಮ ಎರಡು ದಿನ ಯೋಚಿಸಿ ಒಂದು ಉಪಾಯ ಹುಡುಕಿದಳು. ಎಂಟು ಮೊಳದ ಬದಲು ಇಪ್ಪತ್ತನಾಲ್ಕು ಮೊಳ ಸೇವಂತಿಗೆ ಹೇಳಿದಳು. ಹಿಂದಿನ ಶಾಕ್ ಅಬ್ಸಾರ್ಬರಿನಿಂದ ಮುಂದಿನ ಫೋರ್ಕಿನವರೆಗೆ ಗಿಡ್ಡವಾದ ಜಾಗವೆಲ್ಲ ಹೂವಿನಲ್ಲಿ ಮುಚ್ಚಿಹೋಯಿತು. ಮೋಟರ್ ಸೈಕಲ್ಲು ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ನಿಂತಿತು. ಮಾಮ ಆಟೋದಲ್ಲಿ ಬಂದು, ಮೆಟ್ಟಿಲ ಮೇಲೆ ನಿಂತು ದೂರದಿಂದಲೇ ನೋಡಿ, "ಚೆನ್ನಾಗಿ ಕಾಣ್ತಿದೆ ಅಕ್ಕಾ" ಎಂದರು. ಅಮ್ಮ ನನ್ನ ಕಡೆ ನೋಡಿದಳು. ಗೆದ್ದೆವು ಎಂದುಕೊಂಡೆವು.

ಪುರೋಹಿತರು ಮಂತ್ರ ಹೇಳಿ, ಕುಂಕುಮ ಹಚ್ಚಿ, ಗಾಡಿಯ ಮುಂದೆ ತೆಂಗಿನಕಾಯಿ ಒಡೆದು, ಎರಡು ಚಕ್ರಗಳ ಕೆಳಗೂ ನಿಂಬೆಹಣ್ಣು ಇಟ್ಟರು. "ಈಗ ಹತ್ತಿ, ನಿಧಾನಕ್ಕೆ ಹಣ್ಣಿನ ಮೇಲೆ ಹಾಯಿಸಿ ನಿಲ್ಸಿ" ಎಂದರು. ನಾನು ಶೂಗಳ ಕಡೆಗೆ ತಿರುಗಿದೆ. ಅವು ಚಪ್ಪಲಿಗಳ ಸಾಲಿನಲ್ಲಿ ಕೂತಿದ್ದವು.

"ಹಾಗೇ ಹತ್ತಿ ಸ್ವಾಮಿ, ದೇವರ ಮುಂದೆ ಯಾರಾದ್ರೂ ಶೂ ಹಾಕ್ತಾರಾ?" ಎಂದರು ಪುರೋಹಿತರು.

ಪೂಜೆಯ ಗಾಡಿಯನ್ನು ಬರಿಗಾಲಲ್ಲಿ ಹತ್ತಬೇಕು. ಇದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಆಷಾಢವಿಡೀ ಜಗಲಿ ಅಳೆದು, ಬೆಂಕಿಪೊಟ್ಟಣ ಅಳೆದು, ಇಪ್ಪತ್ತನಾಲ್ಕು ಮೊಳ ಹೂ ಅಳೆದ ನನಗೂ ಅಮ್ಮನಿಗೂ ಅದು ನೆನಪಾಗಿರಲಿಲ್ಲ. ಬೇರೆ ದಾರಿಯಿರಲಿಲ್ಲ. ಕಿಕ್ ಒದ್ದು ಹತ್ತಿದೆ. ನಿಂಬೆಹಣ್ಣು ಪಟ್ ಎಂದಿತು. ಬ್ರೇಕು ಹಿಡಿದೆ. ಎಡಗಾಲನ್ನು ನೆಲಕ್ಕೆ ಚಾಚಿದೆ. ಹೆಬ್ಬೆರಳ ತುದಿಗೆ ತೆಂಗಿನಕಾಯಿಯ ನೀರಿನಲ್ಲಿ ತೊಯ್ದ ಕಲ್ಲುಚಪ್ಪಡಿ ತಾಗಿತು, ತಾಗಿ ಜಾರಿತು. ನಾನೂ ಗಾಡಿಯೂ ಇಪ್ಪತ್ತನಾಲ್ಕು ಮೊಳ ಸೇವಂತಿಗೆಯೂ ಬಹಳ ನಿಧಾನವಾಗಿ ಎಡಕ್ಕೆ ಒರಗಿದೆವು. ಎಷ್ಟು ನಿಧಾನವೆಂದರೆ ಪುರೋಹಿತರಿಗೆ ಮಂಗಳಾರತಿ ತಟ್ಟೆಯನ್ನು ಬದಿಗೆ ಸರಿಸಲು ಸಮಯ ಸಿಕ್ಕಿತು.

ಪೆಟ್ಟೇನೂ ಆಗಲಿಲ್ಲ. ಹೂವಿನ ಮೇಲೆ ಬಿದ್ದಿದ್ದೆ. ಆದರೆ ಹಾರಗಳೆಲ್ಲ ಹರಿದುಹೋಗಿ ಗಾಡಿಯ ಗಿಡ್ಡ ಕಾಲುಗಳು ಬಯಲಾದವು. ಮಾಮ ಕುಂಟುತ್ತಾ ಮೆಟ್ಟಿಲಿಳಿದು ಬಂದು ಹ್ಯಾಂಡಲ್ ಹಿಡಿದು ಗಾಡಿ ಎತ್ತಿ ನಿಲ್ಲಿಸಿದರು. ನಿಲ್ಲಿಸಿದವರು ಹಾಗೇ ನಿಂತರು. ಸೊಂಟದ ಹತ್ತಿರ ಇರಬೇಕಾಗಿದ್ದ ಸೀಟು ಅವರ ತೊಡೆಯ ಹತ್ತಿರ ಇತ್ತು. ಅಂಗೈಯನ್ನು ಸೀಟಿನ ಮೇಲಿಟ್ಟು, ಅದೇ ಅಂಗೈಯನ್ನು ತಮ್ಮ ತೊಡೆಗೆ ತಂದು ನೋಡಿದರು. ಅಮ್ಮ ಸೆರಗಿನ ತುದಿ ಹಿಂಡುತ್ತಿದ್ದಳು. ನನಗೆ ನೆಲದಿಂದ ಏಳುವುದೇ ಬೇಡವೆನಿಸಿತು.

ಸುತ್ತ ಜನ ಸೇರಿದ್ದರು. "ಏನಾಯ್ತು, ಓಡಿಸೋಕೆ ಬರಲ್ವಾ?" ಎಂದರು ಯಾರೋ.

"ಚೆನ್ನಾಗೇ ಬರುತ್ತೆ" ಎಂದರು ಮಾಮ, ಅವರ ಕಡೆ ನೋಡದೆ. "ಬ್ರೇಕ್ ಹೊಸದು, ಕಚ್ಕೊಂತು."

ಬ್ರೇಕು ಅವರ ಕಾಲದ್ದೇ. ಆಮೇಲೆ ನನ್ನ ಕಡೆ ಬಗ್ಗಿ, ನನಗೆ ಮಾತ್ರ ಕೇಳುವಷ್ಟು ಮೆತ್ತಗೆ, "ಎಷ್ಟು ಇಳಿಸ್ದೆ?" ಎಂದರು.

"ಮೂರೂವರೆ ಬೆಂಕಿಪೊಟ್ಟಣ, ಮಾಮ."

ಅವರು ಸುಮ್ಮನಾದರು. ನಾನು ಹೆದರಿದ್ದ ಸುಮ್ಮನಿರುವಿಕೆ ಅದೇ. ಆದರೆ ಅವರ ಕಣ್ಣು ನನ್ನ ಮೇಲಿರಲಿಲ್ಲ, ಸೀಟಿನ ಮೇಲಿತ್ತು. ಗಾಡಿಯ ಎಡಕ್ಕೆ ಬಂದು, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಮಡಿಸಲು ಬಾರದ ಬಲಗಾಲನ್ನು ನೆಟ್ಟಗೇ ಹಿಂದಕ್ಕೆತ್ತಿ, ಪಂಚೆ ಸಮೇತ ಆ ಕಡೆಗೆ ದಾಟಿಸಿಬಿಟ್ಟರು. ಕಾಲು ಸೀಟಿಗೆ ತಗಲದೆ ದಾಟಿತು. ಮಾಮ ಗಾಡಿಯ ಮೇಲೆ ಕೂತಿದ್ದರು. ಮೂರು ವರ್ಷದ ಮೇಲೆ ಮೊದಲ ಸಲ ಕೂತಿದ್ದರು. ಏನಾಯಿತೆಂದು ಅವರಿಗೇ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಪುಟ್ಟು, ಒದಿಯೋ" ಎಂದರು.

ಪಕ್ಕದಲ್ಲಿ ನಿಂತು ಕಿಕ್ ಒದ್ದೆ. ಗಾಡಿ ಶುರುವಾಯಿತು. ಮಾಮ ಬರಿಗಾಲಲ್ಲೇ, ಬಲಗಾಲನ್ನು ನೆಟ್ಟಗೆ ಮುಂದಕ್ಕೆ ಚಾಚಿ, ಹರಿದ ಹಾರ ಎಳೆದುಕೊಂಡೇ ಗುಡಿಯ ಬೀದಿ ದಾಟಿ ಹೋದರು. ಒಂದು ಸುತ್ತು ಹಾಕಿ ಬರುತ್ತಾರೆಂದು ನಾವು ನಿಂತೆವು. ಪುರೋಹಿತರು ಮಂಗಳಾರತಿ ತಟ್ಟೆ ಹಿಡಿದು ನಿಂತರು, ಕರ್ಪೂರ ಆರಿತು, ಇನ್ನೊಂದು ಹಚ್ಚಿದರು, ಅದೂ ಆರಿತು. ಅರ್ಧ ಗಂಟೆಯ ಮೇಲೆ ಮಾಮ ಬಂದರು. ಕಣ್ಣು ಕೆಂಪಾಗಿತ್ತು. "ಧೂಳು" ಎಂದರು. ಅವತ್ತು ಬೆಳಿಗ್ಗೆಯಷ್ಟೇ ಮಳೆ ಬಂದು ನಿಂತಿತ್ತು. ಅಮ್ಮ ಅವರ ಹಣೆಗೂ ಕುಂಕುಮ ಇಟ್ಟಳು. ನಾನು ಅಲ್ಲೇ ಗುಡಿಯ ಕಂಬದ ಹಿಂದೆ ಹೋಗಿ ಸ್ವಲ್ಪ ಅತ್ತೆ, ಯಾಕೆಂದು ಕೇಳಬೇಡಿ.

ಆಮೇಲೆ ಆ ಗಾಡಿ ನನ್ನದಾಗಿ ಉಳಿಯಲಿಲ್ಲ. ಆರ್.ಸಿ. ಪುಸ್ತಕದಲ್ಲಿ ನನ್ನ ಹೆಸರಿತ್ತು, ಅಷ್ಟೇ. ಭಾನುವಾರ ಆರು ಗಂಟೆಗೆ ಮಾಮ ಗವಿಪುರದಿಂದ ನಡೆದುಬಂದು, "ಪುಟ್ಟು, ಒದೆಯೋಕೆ ಬಾ" ಎಂದು ಕಿಟಕಿಯಲ್ಲಿ ಕರೆಯುತ್ತಿದ್ದರು. ಒದೆಯುವುದು ನಾನು, ಓಡಿಸುವುದು ಅವರು. ನಾನು ಹಿಂದೆ ಕೂರುತ್ತಿದ್ದೆ. ಹಿಂದೆ ಕೂತವನ ಕಾಲು ನೆಲಕ್ಕೆ ಎಟುಕುತ್ತದೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. ಮೂರಂಗುಲದ ಶೂಗಳು ಮೂಲೆ ಸೇರಿದವು, ನಾನು ಹವಾಯಿ ಚಪ್ಪಲಿಯಲ್ಲಿ ಬೆಂಗಳೂರು ಸುತ್ತಿದೆ.

ಒಂದು ಭಾನುವಾರ ಮಲ್ಲೇಶ್ವರದ ಹೋಟೆಲೊಂದರ ಮುಂದೆ ಕಾಫಿ ಕುಡಿಯುತ್ತಾ ನಿಂತಿದ್ದೆವು. ಗಾಡಿಯ ಗಂಟು ಟೈರು ನೋಡಿ ಒಬ್ಬರು ಮಾತಿಗೆ ಬಂದರು. ಮಾಮನ ಕಾಲನ್ನು ನೋಡಿ, "ಇದೇನಾಯ್ತು ಸಾರ್?" ಎಂದರು. ಮಾಮ ಕಾಫಿಯ ಲೋಟದ ಮೇಲಿಂದ ನನ್ನ ಕಡೆ ನೋಡಿದರು.

"ರೇಸಲ್ಲಿ ಬಿದ್ದದ್ದು ಸಾರ್" ಎಂದೆ ನಾನು. "ಮೂರನೇ ಸುತ್ತು. ಇನ್ನೊಂದೇ ಸುತ್ತು ಬಾಕಿ ಇತ್ತು."

ಅವರು ತಲೆದೂಗಿ, ಗಾಡಿಯ ಸೀಟನ್ನು ಮುಟ್ಟಿ, "ಯಾರದ್ದು ಸಾರ್ ಗಾಡಿ?" ಎಂದರು.

"ಇವನದ್ದೇ, ನನ್ನಕ್ಕನ ಮಗ" ಎಂದರು ಮಾಮ. ಲೋಟ ಕೆಳಗಿಟ್ಟು, ನನ್ನ ಭುಜದ ಮೇಲೆ ಕೈಯಿಟ್ಟು, ಆರಡಿಯ ಎತ್ತರದಿಂದ ಬಹಳ ಸಹಜವಾಗಿ ಹೇಳಿದರು: "ಇವನಿಗೆ ಸ್ವಲ್ಪ ಗಿಡ್ಡ ಆಯ್ತು, ಅದಕ್ಕೇ ನಂಗೆ ಓಡ್ಸೋಕೆ ಕೊಟ್ಟಿದಾನೆ."